ಎಫಿಯ ಕಾಲಿನ ತಾಳ

ಕೇಪ್ ಬ್ರೆಟನ್ ದ್ವೀಪದ ಮಾಬೂ ಊರಿನಲ್ಲಿ ಎಫಿ ಮೆಕ್‌ಐಸಾಕ್ ಅಂದರೆ ಮೊದಲು ನೆನಪಾಗುವುದು ಅವಳ ಮುಖವಲ್ಲ, ಕಾಲು. ಪಿಟೀಲು ಎಲ್ಲೇ ನುಡಿಯಲಿ, ಆ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಕುಣಿದು ಕುಣಿದು ಅಡುಗೆಮನೆಯ ಹಲಗೆನೆಲ ಒಲೆಯ ಮುಂದೆ ತಗ್ಗಾಗಿತ್ತು. ಗಂಡನನ್ನು ಮಣ್ಣು ಮಾಡಿದ ದಿನ ಇಗರ್ಜಿಯಲ್ಲಿ ತಮ್ಮ ಹೆಕ್ಟರ್ ವಿದಾಯದ ರಾಗ ನುಡಿಸಿದಾಗಲೂ ಬೆಂಚಿನ ಕೆಳಗೆ ಅವಳ ಬಲಗಾಲು ತಾಳ ಹಾಕಿತು. ನಾದಿನಿಯರು ಈಸ್ಟರ್ ಬರುವವರೆಗೆ ಮಾತು ಬಿಟ್ಟರು. ಬಿಟ್ಟರೆ ಬಿಡಲಿ, ಸತ್ತವನು ಅವಳನ್ನು ಮೆಚ್ಚಿದ್ದೇ ಆ ಕಾಲು ನೋಡಿ.

ಅಂಥ ಕಾಲು ಫೆಬ್ರವರಿಯ ಒಂದು ಬೆಳಿಗ್ಗೆ, ಅವಳು ಓಟ್ಸ್ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದಾಗ, ಇದ್ದಕ್ಕಿದ್ದಂತೆ ಬಿಳಚಿ ತಣ್ಣಗಾಯಿತು.

ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹೃದಯ ತಾಳ ತಪ್ಪಿ ಬಡಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಂಡಿಯ ಹಿಂದಿನ ನಾಳಕ್ಕೆ ಬಂದು ಸಿಕ್ಕಿಕೊಂಡಿತ್ತು. ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಹೆಪ್ಪು ಕರಗಿಸುವ ಮದ್ದನ್ನು ಅದರೊಳಕ್ಕೇ ಹನಿಹನಿಯಾಗಿ ಬಿಟ್ಟರು. ಕರಗಿದರೆ ಕಾಲು ಉಳಿಯುತ್ತದೆ, ಇಲ್ಲವಾದರೆ ಮಂಡಿಯ ಕೆಳಗೆ ತೆಗೆಯಬೇಕು. ಅಲ್ಲಿಯವರೆಗೆ ಕಾಲು ಮಡಿಸುವಂತಿಲ್ಲ. ಮಡಿಸಿದರೆ ಕೊಳವೆಯ ಬುಡದಿಂದ ರಕ್ತ ಹರಿಯುತ್ತದೆ, ಆ ಮದ್ದು ಮೈಯಲ್ಲಿರುವಾಗ ಬೇಗ ನಿಲ್ಲುವುದೂ ಇಲ್ಲ.

ಹೆಕ್ಟರ್ ಪಿಟೀಲನ್ನು ವ್ಯಾನಿನಲ್ಲೇ ಬಿಟ್ಟು ಬಂದ.

“ಅದನ್ಯಾಕೋ ಅಲ್ಲಿ ಬಿಟ್ಟೆ? ಚಳಿಗೆ ಸೀಳಿಹೋಗತ್ತೆ.”

“ಹೋಗ್ಲಿ ಬಿಡಕ್ಕ. ಅದನ್ನ ಕಂಡ್ರೆ ನಿನ್ನ ಕಾಲು ನಿನ್ನನ್ನೂ ಬಿಟ್ಟು ಓಡತ್ತೆ.”

ಎಫಿ ನಗಲಿಲ್ಲ. ನರ್ಸ್ ಆಗಾಗ ಬಂದು ಪಾದ ಮುಟ್ಟಿ ನೋಡಿ, “ಹೆಬ್ಬೆರಳು ಮಾತ್ರ ಸ್ವಲ್ಪ ಆಡಿಸಮ್ಮ” ಅನ್ನುತ್ತಿದ್ದಳು. ಎಫಿ ಹಲ್ಲು ಕಚ್ಚಿದರೂ ಬೆರಳು ಮಿಸುಕುತ್ತಿರಲಿಲ್ಲ. “ಮದ್ದಿಗೂ ಟೈಮ್ ಬೇಕಲ್ಲ” ಎಂದು ನರ್ಸ್ ಹೋಗಿಬಿಡುತ್ತಿದ್ದಳು.

“ಹೆಕ್ಟರ್, ಬಾಯಲ್ಲೇ ಒಂದು ಹಾಡೋ. ಅಮ್ಮ ಹಾಲು ಕರೀವಾಗ ಹಾಡ್ತಿದ್ಲಲ್ಲ, ಆ ಕುಣಿತದ್ದು.”

“ಹುಚ್ಚಾ ನಿಂಗೆ? ಕಾಲು ಆಡಿ ರಕ್ತ ಸುರಿದ್ರೆ?”

“ಆಡಲ್ಲ ಕಣೋ. ನಂಗೆ ಅದೇ ಭಯ.”

ಅವನು ಅವಳ ಮಂಡಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದು ಮೆಲ್ಲಗೆ ಹಾಡಿದ. ಎಫಿ ಕಣ್ಣು ಮುಚ್ಚಿ ಕಾದಳು. ಹಾಡು ಮುಗಿಯಿತು. ಹಿಡಿದುಕೊಳ್ಳುವ ಅಗತ್ಯವೇ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಜನ್ಮವಿಡೀ ಅಕ್ಕನ ಕಾಲೆಳೆದವನು ಆ ಕಾಲಿನ ಮೇಲೆ ಹೊದಿಕೆ ಸರಿಮಾಡಿದ.

ಮರುದಿನ ಪಾದಕ್ಕೆ ಬೆಂಕಿಯಿಟ್ಟ ಹಾಗೆ ಉರಿ ಶುರುವಾಯಿತು. ರಕ್ತ ಮತ್ತೆ ಪಾದಕ್ಕೆ ಇಳಿಯುತ್ತಿದೆ, ಒಳ್ಳೆಯದೇ ಎಂದಳು ನರ್ಸ್. ಅಕ್ಕ-ತಮ್ಮ ಇಬ್ಬರೂ ನಂಬಲಿಲ್ಲ. ಹೆಕ್ಟರ್ ಕಿಟಕಿಯ ಹತ್ತಿರ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, ಅರಿವಿಲ್ಲದೆ ಅಮ್ಮನ ಅದೇ ಹಾಡನ್ನು ಗುನುಗುತ್ತಿದ್ದ.

“ಹೆಕ್ಟರ್.”

ಅವನು ತಿರುಗಿದ. ಹೊದಿಕೆಯಿಂದ ಹೊರಗಿದ್ದ ಹೆಬ್ಬೆರಳು ಒಮ್ಮೆ ಎದ್ದು ಬಿತ್ತು. ಮತ್ತೆ ಎದ್ದಿತು. ಅವನ ಗುನುಗು ನಿಂತಿತು, ಬೆರಳೂ ನಿಂತಿತು.

“ನಿಲ್ಲಿಸ್ಬೇಡ ಕಣೋ,” ಎಫಿ ಅಳುತ್ತಿದ್ದಳು. “ನಾನಲ್ಲ ಆಡಿಸಿದ್ದು. ಅದೇ ಆಡ್ತಿದೆ.”

ಹೆಕ್ಟರ್ ಹಾಡಿದ. ಸ್ವರ ಎಲ್ಲೆಲ್ಲೋ ಹೋಯಿತು, ನಡುನಡುವೆ ನಿಂತೂ ನಿಂತಿತು. ನಿಂತಾಗೆಲ್ಲ ಬೆರಳು ಅವನಿಗಾಗಿ ಕಾದು, ಮತ್ತೆ ತಾಳ ಹಾಕಿತು.