ಕಾಕಾ ಹಾಕಿದ ಗೋಣು

ಆತ್ಮವಿಶ್ವಾಸ ಎಲ್ಲರ ಒಳಗೂ ಇರುತ್ತದೆ, ಅದನ್ನು ಹುಡುಕಿಕೊಳ್ಳಬೇಕು ಅಷ್ಟೇ ಎಂದು ಕೊಲ್ಹಾಪುರದ ಒಂದು ಶಿಬಿರದಲ್ಲಿ ಕೋಟು ಹಾಕಿಕೊಂಡ ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ. ಇರಬಹುದು. ನನ್ನದು ಮಾತ್ರ ನನ್ನ ಒಳಗೆ ಇರಲಿಲ್ಲ. ಅದು ಕೊರೋಚಿಯ ಒಂದು ಶೆಡ್ಡಿನಲ್ಲಿ, ಗೋಡೆ ಬದಿಯ ನಾಲ್ಕು ಮಾಗಗಳ ನಡುವೆ, ದವಡೆಗೆ ತಂಬಾಕು ಒತ್ತಿಕೊಂಡು ನಿಂತಿರುತ್ತಿತ್ತು. ಅರವತ್ತು ದಾಟಿದ ವಯಸ್ಸು, ಮಾಸಿದ ಬಿಳಿ ಟೋಪಿ, ಹತ್ತಿ ಹೊಟ್ಟು ಕೂತು ನರೆತ ಹುಬ್ಬು. ನಾವೆಲ್ಲ ಅದಕ್ಕೆ ಕಾಕಾ ಎನ್ನುತ್ತಿದ್ದೆವು.

ಮಾಗ ಎಂದರೆ ವಿದ್ಯುತ್ ಮಗ್ಗ. ಇಚಲಕರಂಜಿಯ ಸುತ್ತ ಯಾರ ಮನೆ ಯಾವುದೆಂದು ಗುರುತು ಹೇಳುವಾಗಲೂ ಅದರ ಪಕ್ಕ ಎಷ್ಟು ಮಾಗ ಇವೆ ಎಂದೇ ಹೇಳುತ್ತಾರೆ. ಕಾಕಾ ನಾಲ್ಕು ಮಾಗ ನಡೆಸುವ ನೇಕಾರ. ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಬಟ್ಟೆ ತಪಾಸಣೆ ಮಾಡುವವಳು. ಮಾಗದಿಂದ ಇಳಿದ ಬಟ್ಟೆಯನ್ನು ಮೇಜಿನ ಮೇಲೆ ಎಳೆದುಕೊಂಡು, ಎಲ್ಲಿ ನೂಲು ಹರಿದಿದೆ, ಎಲ್ಲಿ ಎಣ್ಣೆ ಬಿದ್ದಿದೆ, ಎಲ್ಲಿ ತೂತಾಗಿದೆ ಎಂದು ನೋಡಿ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗುರುತು ಹಾಕಬೇಕು. ಚೆನ್ನಾಗಿದ್ದಲ್ಲಿ ಯಾವ ಗುರುತೂ ಇಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವಳಿಗೆ ಚೆನ್ನಾಗಿರುವುದು ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ಬೇಕಾದರೆ ನನ್ನ ಗಂಡನನ್ನು ಕೇಳಿ.

ಇಂಥವಳು ಕಥೆ ಬರೆಯಲು ಕೂತರೆ ಏನಾಗುತ್ತದೆ ಎಂದು ಊಹಿಸಿ. ಒಂದು ಸಾಲು ಬರೆದರೆ ಅದರಲ್ಲಿ ಎರಡು ತೂತು ಕಾಣುತ್ತಿದ್ದವು. ಗಡಿಯಾಚೆಯ ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಲಗ್ನವಾಗಿ ಈ ಊರಿಗೆ ಬಂದ ಮೇಲೆ ಕನ್ನಡದಲ್ಲಿ ಬರೆದದ್ದೆಂದರೆ ತವರಿಗೆ ನಾಲ್ಕು ಕಾಗದ, ಅಷ್ಟೇ. ನಲವತ್ತು ದಾಟಿದ ಮೇಲೆ ಅದೇನು ಹುಚ್ಚು ಹಿಡಿಯಿತೋ, ಶೆಡ್ಡಿನ ತಪಾಸಣೆ ಪಟ್ಟಿಗಳ ಹಿಂಬದಿಯಲ್ಲಿ ಕಥೆ ಬರೆಯತೊಡಗಿದೆ. ಮನೆಯಲ್ಲಿ ತೋರಿಸೋಣವೆಂದರೆ ಮಗ ಮರಾಠಿ ಶಾಲೆಯಲ್ಲಿ ಕಲಿತವನು. ಕಾಗದವನ್ನು ಅತ್ತಿತ್ತ ತಿರುಗಿಸಿ, "ಆಯೀ, ಹೇ ಕಾಯ ಜಿಲೇಬೀ ಕಾಢಲೀಸ" ಎಂದ. ಜಿಲೇಬಿ ಸುತ್ತಿದ್ದೀಯಲ್ಲ ಎಂದು ಅರ್ಥ. ಗಂಡನಿಗೆ ಓದಿ ಹೇಳಿದೆ. ಮೊದಲ ಪ್ಯಾರಾಕ್ಕೆ ಅವರು ಕಣ್ಣು ಮುಚ್ಚಿದರು. ಗಮನವಿಟ್ಟು ಕೇಳುತ್ತಿದ್ದಾರೆ ಎಂದುಕೊಂಡೆ. ಎರಡನೆಯ ಪ್ಯಾರಾದಲ್ಲಿ ಗೊರಕೆ ಕೇಳಿಸಿತು.

ಉಳಿದವರು ಕಾಕಾ. ಅವರೂ ನಮ್ಮ ಕಡೆಯವರೇ, ಮಾತೂ ನಮ್ಮದೇ. ಮಧ್ಯಾಹ್ನ ಬುತ್ತಿ ತಿಂದು ಕೈ ತೊಳೆದ ಮೇಲೆ ನನಗೆ ಹದಿನೈದು ನಿಮಿಷ ಸಿಗುತ್ತಿತ್ತು. ಮಾಗಗಳು ಊಟಕ್ಕೆ ನಿಲ್ಲುವುದಿಲ್ಲವಾದ್ದರಿಂದ ಕಾಕಾ ಅಲ್ಲೇ ಇರುತ್ತಿದ್ದರು. ನಾನು ಹೋಗಿ ಮಾಗದ ಆಚೆ ಬದಿಗೆ ನಿಂತು, ಟ್ಯೂಬ್‌ಲೈಟಿನ ಮಂದ ಬೆಳಕು ಬೀಳಲಿ ಎಂದು ಕಾಗದವನ್ನು ಮೂಗಿನವರೆಗೆ ಎತ್ತಿ ಹಿಡಿದು ಓದುತ್ತಿದ್ದೆ.

ಆ ಸಪ್ಪಳದಲ್ಲಿ ಏನು ಕೇಳಿಸುತ್ತದೆ ಎಂದು ನೀವು ಕೇಳಬಹುದು. ಏನೂ ಕೇಳಿಸುವುದಿಲ್ಲ. ಆದರೆ ಮಾಗದ ಶೆಡ್ಡಿನಲ್ಲಿ ಕಿವಿಯಿಂದ ಯಾರೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ನಾಲ್ಕು ಸಾಲು ಆಚೆ ನಿಂತು ಸಣ್ಣಗೆ ಬೈದುಕೊಂಡರೂ ಬೈಸಿಕೊಂಡವನು ತಿರುಗಿ ಬೈಯುತ್ತಾನೆ. ಕಾಕಾ ಅಂತೂ ಅದರಲ್ಲಿ ಪಳಗಿದವರು. ಮಾಲೀಕ ಗಾಜಿನ ಆಫೀಸಿನಲ್ಲಿ ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಹೊರಗೆ ನಿಂತೇ ನಮಗೆ ವರದಿ ಮಾಡುತ್ತಿದ್ದರು. ಇಂಥವರು ನನ್ನ ಕಥೆಗೆ ಗೋಣು ಹಾಕಿದರು. ಒಂದು ಸಲವಲ್ಲ, ಸರಿಯಾದ ಜಾಗಗಳಲ್ಲೆಲ್ಲ. ನಗು ಬರಬೇಕಾದಲ್ಲಿ ನಕ್ಕರು, ದುಃಖದ ಕಡೆ ಬಂದಾಗ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದರು. ಕೈ ಮಾತ್ರ ತನ್ನ ಪಾಡಿಗೆ ಹರಿದ ನೂಲು ಕಟ್ಟುತ್ತಿತ್ತು.

ಆ ಗೋಣಿನ ಬಲದ ಮೇಲೆ ನಾನು ಎರಡು ವರ್ಷದಲ್ಲಿ ಒಂಬತ್ತು ಕಥೆ ಬರೆದೆ. ಬರೆದದ್ದಷ್ಟೇ ಅಲ್ಲ, ಸೊಕ್ಕೂ ಬಂತು. ಗಡಹಿಂಗ್ಲಜದಲ್ಲಿ ಕನ್ನಡ ಬಲ್ಲವರು ವರ್ಷಕ್ಕೊಮ್ಮೆ ಕೂಡಿ ತಾವು ಬರೆದದ್ದನ್ನು ಓದುತ್ತಾರೆಂದು ತಿಳಿದು, ಅವರಿಗೆ ನಾನೇ ಪತ್ರ ಹಾಕಿದೆ. 'ನನ್ನ ಒಂಬತ್ತು ಕಥೆಗಳನ್ನು ಓದುಗರು ಮೆಚ್ಚಿಕೊಂಡಿದ್ದಾರೆ' ಎಂದು ಬರೆದೆ. ಓದುಗರು ಎಂಬ ಬಹುವಚನ ಕಾಕಾ ಅವರ ಮೇಲಿನ ಗೌರವಕ್ಕೆ ಎಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬನ್ನಿ, ಒಂದು ಕಥೆ ಓದಿ ಎಂದು ಉತ್ತರ ಬಂತು.

ಓದುವುದಕ್ಕೆ ಇನ್ನು ಮೂರು ವಾರ ಇತ್ತು. ಒಂದು ಮಧ್ಯಾಹ್ನ, ಅಲ್ಲಿ ಓದಬೇಕೆಂದುಕೊಂಡಿದ್ದ ಕಥೆಯನ್ನೇ ಕಾಕಾ ಅವರಿಗೆ ಮತ್ತೊಮ್ಮೆ ಓದುತ್ತಿದ್ದಾಗ ಲೈಟು ಹೋಯಿತು. ಮಾಗಗಳೆಲ್ಲ ಒಮ್ಮೆಲೇ ನಿಂತವು. ನನ್ನ ದನಿ ಮಾತ್ರ ಅದೇ ಎತ್ತರದಲ್ಲಿ ಸಪ್ಪಳವಿಲ್ಲದ ಶೆಡ್ಡಿನಲ್ಲಿ ಅರಚಿಕೊಂಡಿತು. ಜನ ತಿರುಗಿ ನೋಡಿದರು. ನಾನು ನಾಚಿ ದನಿ ತಗ್ಗಿಸಿ, "ಈ ಕಥಿ ಓದಲೇನ್ರಿ ಕಾಕಾ ಗಡಹಿಂಗ್ಲಜದಾಗ? ಆ ಮುದುಕನ ಕಥಿ?" ಎಂದೆ.

"ಯಾವ ಮುದುಕ?" ಎಂದರು ಕಾಕಾ.

"ಅಂದ್ರ? ಈಗ ಓದಿದೆನಲ್ರಿ. ಹ್ವಾದ ವರ್ಷನೂ ಓದಿದ್ದೆ. ನೀವು ನಕ್ಕಿದ್ರಿ."

ಕಾಕಾ ಹೊರಗೆ ಹೋಗಿ ತಂಬಾಕು ಉಗುಳಿ ಬಂದರು. ತಪ್ಪು ಒಪ್ಪಿಕೊಳ್ಳುವ ಮುಂಚೆ ಅವರು ಯಾವಾಗಲೂ ಬಾಯಿ ಖಾಲಿ ಮಾಡಿಕೊಳ್ಳುತ್ತಾರೆ.

"ಯವ್ವಾ, ಖರೇ ಹೇಳತೇನಿ, ಸಿಟ್ಟಾಗಬ್ಯಾಡ. ನೀ ಕಾಗದ ಬಾಯಿ ಮುಂದ ಹಿಡಿತಿದ್ದಿ. ತುಟಿ ಕಾಣದ ನನಗ ಏನ್ ತಿಳೀತೈತಿ?"

"ಎರಡ ವರ್ಷ?"

"ಹೌದ. ಎರಡ ವರ್ಷ."

"ಮತ್ತ ಗೋಣ ಯಾಕ ಹಾಕಿದ್ರಿ?"

"ಕಾಗದದ ಮ್ಯಾಲೆ ನಿನ್ನ ಕಣ್ಣ ಕಾಣತಿದ್ವು. ಅವು ನಕ್ಕಾಗ ನಾನೂ ನಕ್ಕೆ. ಅವು ಹೂಂ ಅಂದಾಗ ನಾನೂ ಹೂಂ ಅಂದೆ. ಅಷ್ಟ ಖುಷೀಲೆ ಓದಾಕತ್ತೀ, ಬ್ಯಾಡ ಅನ್ನಾಕ ಮನಸ ಬರಲಿಲ್ಲ."

ತುಟಿ ನೋಡಿ ಬದುಕುವ ಜಾಗದಲ್ಲಿ ಇಪ್ಪತ್ತು ವರ್ಷ ದುಡಿದವಳು ನಾನು. ಯಾರಾದರೂ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡಿದರೆ 'ಸೆರಗು ತೆಗಿಯವ್ವಾ' ಎಂದು ನಾನೇ ಗದರಿಸುತ್ತಿದ್ದೆ. ಅಂಥವಳು ಎರಡು ವರ್ಷ ಕಾಗದ ಅಡ್ಡ ಹಿಡಿದು ಸಾಹಿತ್ಯ ಓದಿದ್ದೆ. ಲೈಟು ಬಂತು, ಮಾಗಗಳು ಸುರುವಾದವು. ನಾನು ಮೂಲೆಗೆ ಹೋಗಿ ಬಟ್ಟೆಯ ಮೇಲೆ ಬಗ್ಗಿ ಅತ್ತೆ. ಬಟ್ಟೆಯ ಮೇಲೆ ಬಿದ್ದ ಹನಿಗೂ ಅಭ್ಯಾಸಬಲದಿಂದ ಖಡುವಿನ ಗುರುತು ಹಾಕಿಬಿಟ್ಟಿದ್ದೆ.

ಮನೆಗೆ ಹೋಗಿ ಒಂಬತ್ತೂ ಕಥೆ ತೆಗೆದು ಕೂತೆ. ಖಡು ಕಾಗದಕ್ಕೆ ಹತ್ತುವುದಿಲ್ಲ, ಕೆಂಪು ಪೆನ್ನು ಹಿಡಿದೆ. ಒಂದರಲ್ಲಿ ಆರಂಭ ಸಡಿಲ, ಒಂದರಲ್ಲಿ ಸೊಸೆ ಎರಡು ಸಲ ಬಸುರಾಗಿ ಒಮ್ಮೆ ಹಡೆದಿದ್ದಳು, ಎರಡನೆಯದು ಏನಾಯಿತೆಂದು ನನಗೇ ನೆನಪಿರಲಿಲ್ಲ. ಒಂದು ವಾರದಲ್ಲಿ ಒಂಬತ್ತೂ ಫೇಲು. ಗಡಹಿಂಗ್ಲಜಕ್ಕೆ 'ಮೈಯಲ್ಲಿ ಹುಷಾರಿಲ್ಲ' ಎಂದು ಪತ್ರ ಬರೆದು, ಪೋಸ್ಟಿಗೆ ಹಾಕದೆ ಚೀಲದಲ್ಲಿ ಇಟ್ಟುಕೊಂಡು ತಿರುಗಿದೆ.

ನನ್ನ ಮೋರೆ ನೋಡಿ ಕೊಲ್ಹಾಪುರದ ನಾದಿನಿ ಮರುಗಿ ನನ್ನನ್ನು ಆ ಶಿಬಿರಕ್ಕೆ ಎಳೆದುಕೊಂಡು ಹೋದದ್ದು ಆಗಲೇ. ಅವಳಿಗೆ ಇಂಥ ಶಿಬಿರಗಳ ಚಟ. ಅಲ್ಲಿಗೆ ಹೋಗಿ ಬಂದು ಒಂದು ವಾರ ಯಾರಿಗೂ ಚಹಾ ಮಾಡಿಕೊಡುವುದಿಲ್ಲ, ಆಮೇಲೆ ಮೊದಲಿನ ಹಾಗೆಯೇ ಆಗುತ್ತಾಳೆ. ಲಗ್ನದ ಹಾಲ್, ವೇದಿಕೆಯ ಮೇಲೆ ವಧೂವರರ ಕೆಂಪು ಕುರ್ಚಿ ಇನ್ನೂ ತೆಗೆದಿರಲಿಲ್ಲ. ಕೋಟಿನವರು ಅದರ ಮುಂದೆ ನಿಂತು, ಎಲ್ಲರೂ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟು "ಮೀ ಕರೂ ಶಕತೆ" ಎಂದು ಕೂಗಿ ಎಂದರು. ನಾನು ಮಾಡಬಲ್ಲೆ ಎಂದು. ಏನು ಮಾಡಬಲ್ಲೆ ಎಂದು ಮಾತ್ರ ಹೇಳಲಿಲ್ಲ. ನಾನು ಎಲ್ಲರ ಹಾಗೆ ಕೂಗಿದೆ. ಮಾಗದ ಶೆಡ್ಡಿನ ಗಂಟಲಲ್ಲವೇ, ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಕೋಟಿನವರಿಗೆ ಸಂತೋಷ ತಡೆಯಲಿಲ್ಲ. ನನ್ನನ್ನು ವೇದಿಕೆಗೆ ಕರೆದು, ತಾಯಿಯ ಆತ್ಮವಿಶ್ವಾಸ ನೋಡಿ, ಇದು ಬೇಕು ಎಂದು ಜನರಿಂದ ಚಪ್ಪಾಳೆ ಹೊಡೆಸಿದರು. ಚೀಲದಲ್ಲಿ ಹುಷಾರಿಲ್ಲದ ಪತ್ರ ಇಟ್ಟುಕೊಂಡು ನಾನು ಆ ಚಪ್ಪಾಳೆ ತೆಗೆದುಕೊಂಡೆ. ಅವತ್ತು ತಿನ್ನಲು ಕೊಟ್ಟ ಮಿಸಳ್ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಮರುದಿನ ಕೆಲಸಕ್ಕೆ ಹೋದಾಗ ಕಾಕಾ ಮಾಗದ ಆಚೆಯಿಂದ ಕೈ ಮಾಡಿ ಕರೆದರು. ನಾನು ಅವರ ಜೊತೆ ಮಾತು ಬಿಟ್ಟು ಹತ್ತು ದಿನವಾಗಿತ್ತು. ಅವರ ತುಟಿ ಹೇಳಿತು: "ಗಡಹಿಂಗ್ಲಜಕ್ಕ ನಾನೂ ಬರತೇನಿ. ಮಗಳ ಮನಿ ಅಲ್ಲೇ ಹತ್ರ ನೂಲ ಅನ್ನೋ ಊರಾಗ ಐತಿ, ಹಂಗ ಹಾದು ಹೊಕ್ಕೇನಿ."

"ಯಾಕ? ಮತ್ತ ಗೋಣ ಹಾಕಾಕೇನು?" ಎಂದೆ ನಾನು, ಕಾಗದ ಇಲ್ಲದ ಬಾಯಿಯಿಂದ.

"ಎರಡ ವರ್ಷ ಏನ್ ಓದೀ ಅಂತ ಒಮ್ಮೆ ತಿಳಕೋಬೇಕಾಗೈತಿ."

ಹೋಗಲಿಕ್ಕೆ ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಒಬ್ಬ ಮನುಷ್ಯ ನನ್ನ ಕಥೆ ಏನೆಂದು ತಿಳಿಯಲು ನೂಲದ ಮಗಳ ನೆಪ ಹಿಡಿದು ಹೊರಟಿದ್ದ. ಪತ್ರ ಹರಿದೆ. ಇನ್ನೊಂದು ಗೊತ್ತಾದದ್ದು, ಕಥೆಯನ್ನು ಬಾಯಿಪಾಠ ಮಾಡಬೇಕು, ಕಾಗದ ಹಿಡಿಯುವಂತಿಲ್ಲ. ಬಾಯಿಪಾಠ ಮಾಡುವಾಗ ಕೆಂಪು ಪೆನ್ನಿನಿಂದ ಹೊಡೆದ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಹಾಗೆಯೇ ಬಾಯಿಗೆ ಬಂದವು. ಬೇರೆ ಹಾಗೆ ಹೇಳಿ ನೋಡಿದೆ, ಸರಿ ಬರಲಿಲ್ಲ. ಮೊದಲು ಬರೆದದ್ದೇ ಸರಿ ಇತ್ತು. ಇದನ್ನು ಯಾರನ್ನೂ ಕೇಳದೆ ನನಗೆ ನಾನೇ ಹೇಳಿಕೊಂಡದ್ದು ಅದೇ ಮೊದಲ ಸಲ. ಯಾರೂ ಗೋಣು ಹಾಕಲಿಲ್ಲ, ಒಲೆಯ ಮೇಲಿನ ಅನ್ನ ಸೀದಿತು.

ಒಂದು ಅಂಜಿಕೆ ಮಾತ್ರ ಇತ್ತು. ಕಥೆಯ ಮುದುಕ ಕಾಕಾ ಅವರೇ, ಮಾಗ ಬಿಟ್ಟ ಮೇಲೆ ಹೇಗಿರುತ್ತಾರೆಂದು ನಾನು ಊಹಿಸಿ ಬರೆದದ್ದು. ಮಾಗ ಬಿಟ್ಟು ಹಳ್ಳಿಗೆ ಹೋದ ಒಬ್ಬ ನೇಕಾರನಿಗೆ ಸಪ್ಪಳವಿಲ್ಲದೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ, ಮಗಳು ಖಾಲಿ ಮಿಕ್ಸರ್ ಹಚ್ಚಿ ಅವನನ್ನು ಮಲಗಿಸುತ್ತಾಳೆ, ಒಂದು ದಿನ ಮಿಕ್ಸರ್ ಸುಟ್ಟುಹೋಗುತ್ತದೆ. ಅದೇ ಕಥೆ. ತನ್ನದೇ ಕಥೆಗೆ ತಾನೇ ಗೋಣು ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ.

ಗಡಹಿಂಗ್ಲಜದ ಸಭೆ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಗೋದಾಮಿನ ಮೇಲಿನ ಹಾಲಿನಲ್ಲಿ. ನನಗಿಂತ ಮೊದಲು ಓದಿದ ಕವಿಯೊಬ್ಬರು ಜನ ಕಣ್ಣೊರೆಸಿಕೊಳ್ಳುವುದನ್ನು ಕಂಡು ತಾವೂ ಗದ್ಗದಿತರಾಗಿ ಇನ್ನೆರಡು ಕವಿತೆ ಹೆಚ್ಚಿಗೆ ಓದಿದರು. ಕೆಳಗೆ ಹಮಾಲರು ಮೆಣಸಿನಕಾಯಿ ಚೀಲ ಸರಿಸುತ್ತಿದ್ದರು. ನನ್ನ ಪಾಳಿ ಬಂದಾಗ ಕಾಕಾ ಮೊದಲ ಸಾಲಿನಲ್ಲಿ, ಒಗೆದ ಟೋಪಿ ಹಾಕಿಕೊಂಡು ಕೂತಿದ್ದರು. ಮೈಕು ಬೇಡವೆಂದೆ. ಕೈ ಎರಡೂ ಕೆಳಗೆ ಬಿಟ್ಟು, ಅವರ ಕಡೆ ತಿರುಗಿ, ತುಟಿ ಸ್ಪಷ್ಟವಾಗಿ ಆಡಿಸುತ್ತ ಹೇಳಿದೆ. ಜನ ಕೆಮ್ಮಿದರು, ಸೀನಿದರು, ಮಿಕ್ಸರ್ ಸುಟ್ಟಾಗ ನಕ್ಕರು. ಕಾಕಾ ಒಂದು ಸಲವೂ ಗೋಣು ಹಾಕಲಿಲ್ಲ. ಕೊನೆಯವರೆಗೂ ನನ್ನ ಬಾಯಿಯನ್ನೇ ನೋಡುತ್ತ ಕೂತರು.

ಮುಗಿದ ಮೇಲೆ ಎಸ್.ಟಿ. ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಅವರಿಗೆ ನೂಲದ ಬಸ್ಸು, ನನಗೆ ಇಚಲಕರಂಜಿಯದು. ಕಾಕಾ ಕಟ್ಟೆಯ ಮೇಲೆ ಕೂತು ಬಾಯಿಯ ತಂಬಾಕು ಉಗುಳಿದರು. ಏನೋ ಬರುತ್ತದೆ ಎಂದು ನನಗೆ ತಿಳಿಯಿತು.

"ಕಾಗದ ಹಿಡಿದಾಗ ಭಾಳ ಚಲೋ ಇತ್ತ ನೋಡು," ಎಂದರು. "ಈ ಕಥಿ ನಂಗ ಸೇರಲಿಲ್ಲ. ಮಿಕ್ಸರ್ ಹಚ್ಚಿದ್ರ ಯಾವ ಮುದುಕ ಮಲಗತಾನ? ಎಲ್ಲಾ ಸುಳ್ಳ. ನಾ ಹಂಗ ಇಲ್ಲ."

ಒಂದು ತಿಂಗಳ ಹಿಂದೆ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಅವತ್ತೂ ಎದೆಯಲ್ಲಿ ಚುಚ್ಚಿತು, ಇಲ್ಲ ಎನ್ನಲಾರೆ. ಆದರೆ ಆ ಮುದುಕ ಹಾಗೆಯೇ ಮಲಗುತ್ತಾನೆಂದು ನನಗೆ ಗೊತ್ತಿತ್ತು. ಅವರ ಮುಖದ ಎದುರಿಗೆ ಹೋಗಿ ನಿಂತು, ಇಡೀ ಸ್ಟ್ಯಾಂಡು ಜಗಳವೆಂದು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ:

"ಇಲ್ರಿ ಕಾಕಾ. ಕಥಿ ಚಲೋ ಐತಿ. ನಿಮಗ ಸೇರಲಿಲ್ಲ, ಅದು ಬ್ಯಾರೆ."

ಕಾಕಾ ಈ ಸಲ ನನ್ನ ಬಾಯಿ ನೋಡಲಿಲ್ಲ. ಎರಡು ವರ್ಷ ನೋಡಿದ ಹಾಗೆ ಕಣ್ಣನ್ನೇ ನೋಡಿದರು. ಆಮೇಲೆ, ನೂಲದ ಬಸ್ಸು ಬಂದು ನಿಂತ ಮೇಲೂ ಏಳದೆ, ಮೆಲ್ಲಗೆ ಗೋಣು ಹಾಕಿದರು.