ಲಿಂಗಕ್ಕೆ ತೋರಿಸಿದ ಐಸು

ಮೊದಲು ಕಂಡದ್ದು ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ.

ಶಾಂತಕ್ಕ ತಟ್ಟೆಯಲ್ಲಿ ಏನನ್ನೂ ಬಿಡುವವರಲ್ಲ. ಉಂಡಾದ ಮೇಲೆ ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ಏಳುವವರು. ಕೊರಳಲ್ಲಿನ ಲಿಂಗಕ್ಕೆ ತೋರಿಸಿದ ಮೇಲೆ ಅನ್ನವೆಲ್ಲ ಪ್ರಸಾದ, ಪ್ರಸಾದ ಚೆಲ್ಲಬಾರದು ಎಂಬುದು ಅವರ ನೇಮ. ಅವರು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮದು ದೇಶಪಾಂಡೆ ನಗರದಲ್ಲಿ ಹತ್ತಿ ವ್ಯಾಪಾರದವರ ಮನೆ. ಸೊಸೆಯಾಗಿ ಬಂದಾಗಿನಿಂದ ನಮ್ಮಿಬ್ಬರದೂ ಒಂದೇ ಅಡುಗೆಮನೆ. ಅವರು ರೊಟ್ಟಿ ಬಡಿಯುತ್ತಾರೆ, ನಾನು ಪಲ್ಯ ಮಾಡುತ್ತೇನೆ. ಅವರು ಮಾತಾಡುತ್ತಾರೆ, ನಾನು ಸಿಟ್ಟಿಗೇಳುತ್ತೇನೆ. ಹೀಗೇ ನಡೆದು ಬಂದಿತ್ತು.

"ಹೊಟ್ಟಿ ತುಂಬೇತಿ ಸುಮಾ. ಒಲ್ಲೆ," ಅಂದರು ಆವತ್ತು.

ಗ್ಯಾಸ್ ಇರಬೇಕು ಅಂದುಕೊಂಡೆವು. ಅಜವಾನ ಆಯಿತು, ಮಾತ್ರೆ ಆಯಿತು. ಉಳಿಯುವ ರೊಟ್ಟಿ ಅರ್ಧದಿಂದ ಮುಕ್ಕಾಲಾಯಿತು. ಕಡೆಗೆ ಸ್ಕ್ಯಾನ್ ಮಾಡಿಸಿದೆವು. ದೊಡ್ಡ ಕರುಳಿನಲ್ಲಿ ಗಡ್ಡೆ. ಅಲ್ಲಿಂದ ಲಿವರ್‌ಗೂ ಹೋಗಿದೆ.

ಆಪರೇಶನ್ ಮಾಡಿ ತೆಗೆಯುವಂಥದ್ದಲ್ಲ ಎಂದರು ಡಾಕ್ಟರು. ಕೀಮೋ ಕೊಟ್ಟು ತಡೆಯಲು ನೋಡಬಹುದು. ತಡೆಯಲು, ಗುಣಪಡಿಸಲು ಅಲ್ಲ. ಆ ಎರಡು ಮಾತಿನ ನಡುವಿನ ಅಂತರ ನನಗೆ ಅಲ್ಲೇ ತಿಳಿಯಿತು. ಶಾಂತಕ್ಕನ ಗಂಡ, ನನ್ನ ಭಾವನವರಿಗೆ ತಿಳಿಯಲಿಲ್ಲ, ಅಥವಾ ತಿಳಿಯುವುದು ಬೇಡವಾಗಿತ್ತು. "ಹಂಗಾದ್ರ ಲಗೂ ಚಾಲೂ ಮಾಡ್ರಿ," ಅಂದರು.

ಶುರುವಿಗೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಹೊಟ್ಟೆಯ ಕಾಯಿಲೆಗೆ ಹಲ್ಲೇಕೆ ಎಂದು ನನಗೆ ರೇಗಿತು. ಈ ಔಷಧಿ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ, ಬಾಯಿಯೊಳಗಿನ ತೆಳು ಚರ್ಮವೂ ಅಂಥದ್ದೇ, ಅಲ್ಲಿ ಹುಣ್ಣಾದರೆ ಕೊಳೆತ ಹಲ್ಲು ಸೋಂಕಿಗೆ ದಾರಿ ಮಾಡಿಕೊಡುತ್ತದೆ ಎಂದು ಆಕೆ ವಿವರಿಸಿದರು. ಒಂದು ಹಲ್ಲು ಕಿತ್ತರು, ಇನ್ನೊಂದರ ಚೂಪು ತುದಿ ಉಜ್ಜಿ ನುಣ್ಣಗೆ ಮಾಡಿದರು. ಮಕ್ಕಳಿಗೆ ಕೊಡುವಂಥ ಮೆತ್ತನೆಯ ಬ್ರಶ್ ತಂದೆವು. ಉಪ್ಪು, ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಖಾರ, ಹುಳಿ, ಬಿಸಿಬಿಸಿಯಾದದ್ದು ಏನೂ ಬೇಡ. ಇಂಜೆಕ್ಷನ್ ಕೊಡುವ ಮುಂಚಿನಿಂದ ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳಬೇಕು. ತಂಪಿಗೆ ಬಾಯಿಯ ರಕ್ತನಾಳಗಳು ಕುಗ್ಗುತ್ತವೆ, ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತದೆ.

"ಎಲ್ಲಾ ಕೀಮೋಕ್ಕೂ ಐಸ್ ನಡಿಯೂದಿಲ್ರಿ. ಇವರಿಗೆ ಕೊಡೂ ಔಷಧಕ್ಕ ನಡೀತದ. ಮರೀಬ್ಯಾಡ್ರಿ," ಅಂದರು ಕೀಮೋ ಡಾಕ್ಟರು.

ನಾನು ಮರೆಯಲಿಲ್ಲ. ಮೊದಲ ಕೀಮೋದ ದಿನ ಸ್ಟೀಲ್ ಡಬ್ಬಿಯಲ್ಲಿ ಐಸ್ ತುಂಬಿ ಅಕ್ಕನ ಕೈಗೆ ಕೊಟ್ಟು, ಔಷಧಿ ತರಲು ಕೆಳಗೆ ಹೋದೆ. ಫಾರ್ಮಸಿಯಲ್ಲಿ ಸಾಲು ಉದ್ದ ಇತ್ತು. ಬಂದಾಗ ಇಂಜೆಕ್ಷನ್ ಮುಗಿದಿತ್ತು. ಡಬ್ಬಿಯಲ್ಲಿ ನೀರಿತ್ತು.

"ತಿಂದ್ರೇನ್ರಿ ಅಕ್ಕಾ?"

ಅಕ್ಕ ನಕ್ಕರು. ಅದನ್ನೇ ಹೌದೆಂದು ತಿಳಿದೆ.

ವಾರ ಕಳೆಯುವುದರೊಳಗೆ ಬಾಯಿ ಒಡೆಯಿತು.

ಮೊದಲು ನಾಲಿಗೆಯ ಅಂಚು ಕೆಂಪಾಯಿತು. ಆಮೇಲೆ ಕೆನ್ನೆಯ ಒಳಗೆ, ತುಟಿಯ ಒಳಗೆ, ಗಂಟಲಿನವರೆಗೆ ಬಿಳಿ ಹುಣ್ಣು. ತುಟಿ ಸೀಳಿ ರಕ್ತ. ಉಗುಳು ನುಂಗಲಾಗದೆ ಪಕ್ಕದಲ್ಲಿ ಪಾತ್ರೆ ಇಟ್ಟುಕೊಂಡು ಕೂತಿರುತ್ತಿದ್ದರು. ಆರಿದ ಗಂಜಿಯೂ ಉರಿಯುತ್ತಿತ್ತು. ಬಾಯಿ ಮರಗಟ್ಟಿಸುವ ಜೆಲ್ ಹಚ್ಚಿದರೆ ಎರಡು ಚಮಚ ಒಳಗೆ ಹೋಗುವಷ್ಟು ಹೊತ್ತು ಸಿಗುತ್ತಿತ್ತು, ಅಷ್ಟೇ. ಮನೆ ತುಂಬ ಮಾತಾಡುತ್ತಿದ್ದ ಹೆಂಗಸು ಕೈಸನ್ನೆಗೆ ಇಳಿದರು. ನನಗೆ ಅವರ ಮಾತು ಜಾಸ್ತಿಯಾಯಿತೆಂದು ಎಷ್ಟು ಸಲ ಅನ್ನಿಸಿತ್ತೋ. ಈಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಾನೇ ರೊಟ್ಟಿ ಬಡಿಯುವ ಸದ್ದು ಕೇಳಿಸಿಕೊಳ್ಳಬೇಕಾಯಿತು. ಬಹಳ ಅತ್ತುಬಿಟ್ಟೆ.

ಡಾಕ್ಟರು ಟಾರ್ಚ್ ಹಾಕಿ ಬಾಯಿ ನೋಡಿದರು.

"ಐಸ್ ಹಿಡಕೊಂಡಿದ್ರೇನ್ರಿ ಬಾಯಾಗ?"

"ಹಿಡಕೊಂಡಾರ್ರಿ," ಅಂದೆ ನಾನು, ಗಟ್ಟಿಯಾಗಿ.

ಅಕ್ಕ ತಲೆ ಅಲ್ಲಾಡಿಸಿದರು. ಇಲ್ಲ. ಆಮೇಲೆ ಕೊರಳಿಗೆ ಕೈ ಇಟ್ಟು, ಲಿಂಗದ ಬೆಳ್ಳಿ ಕರಡಿಗೆ ತೋರಿಸಿದರು.

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ಮೊದಲ ಕೀಮೋದ ಹಿಂದಿನ ಸಂಜೆಯೇ ರಕ್ತಪರೀಕ್ಷೆಗೆಂದು ಅಡ್ಮಿಟ್ ಮಾಡಿಕೊಂಡು ಎಡಗೈಗೆ ಸೂಜಿ ಚುಚ್ಚಿಟ್ಟಿದ್ದರು, ಒದ್ದೆ ಮಾಡಬೇಡಿ ಎಂದಿದ್ದರು. ಹಾಗಾಗಿ ಬೆಳಿಗ್ಗೆ ಸ್ನಾನವಿಲ್ಲ. ಸ್ನಾನವಿಲ್ಲದೆ ಪೂಜೆಯಿಲ್ಲ. ಪೂಜೆಯಾಗದೆ ಅಕ್ಕ ಗುಟುಕು ನೀರೂ ಕುಡಿಯುವವರಲ್ಲ, ಮದುವೆಯ ಗಡಿಬಿಡಿಯಲ್ಲೂ ಕುಡಿದವರಲ್ಲ. ಐಸ್ ಅಂದರೆ ನೀರೇ. ಸಿಸ್ಟರ್ ಕೊಟ್ಟರೆಂದು ಚೂರನ್ನು ಕೈಯಲ್ಲಿ ಹಿಡಿದು, ಅವರು ಆಚೆ ಹೋದ ಮೇಲೆ ಡಬ್ಬಿಗೆ ಹಾಕಿ, ಕರಗುವುದನ್ನು ನೋಡುತ್ತ ಕೂತಿದ್ದಾರೆ.

ಎಂಥ ಸಿಟ್ಟು ಬಂತೆಂದರೆ, ಆ ಬಾಯನ್ನು ನೋಡಿಯೂ ಸಿಟ್ಟು ಇಳಿಯಲಿಲ್ಲ.

ಡಾಕ್ಟರು ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು: "ಬಾಯಿ ಹಿಂಗಾದ್ರ ಮುಂದಿನ ಕೀಮೋ ಹೊತ್ತಿಗೆ ಸರಿಯಾಗಿ ಕೊಡಾಕ ಬರೂದಿಲ್ರಿ ಅಮ್ಮಾ. ಮುಂದ ಹಾಕಬೇಕಾಗ್ತದ, ಇಲ್ಲಾ ಡೋಸ್ ಕಡಿಮಿ ಮಾಡಬೇಕಾಗ್ತದ. ಲಿವರ್‌ನ್ಯಾಗಿಂದು ಅಲ್ಲೀತನಕಾ ಸುಮ್ಮನ ಕೂಡೂದಿಲ್ಲ. ನಿಮ್ಮ ಬಾಯಿ ಕಾಯೂದೂ ಔಷಧಾನ."

ಮುಂದೆ ಹಾಕಿದರು. ಹುಣ್ಣು ಆರಲು ಕಾಯುತ್ತಿದ್ದ ಆ ದಿನಗಳಲ್ಲಿ ಭಾವನವರು ಅಂಗಡಿಗೆ ಹೋಗುತ್ತಿರಲಿಲ್ಲ. ಪೇಪರ್ ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು, ಪುಟ ತಿರುವುತ್ತಿರಲಿಲ್ಲ.

ಎರಡನೆಯ ಸಲಕ್ಕೆ ನಾನು ಸಿಸ್ಟರ್ ಹತ್ತಿರ ಮೊದಲೇ ಮಾತಾಡಿದೆ. ಸೂಜಿ ಬಲಗೈಗೆ ಹಾಕಿ, ಎಡಗೈ ಖಾಲಿ ಬಿಡಿ. ಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, "ಮೊದಲ ಸಲಾನ ಹೇಳಬೇಕಿಲ್ಲೇನ್ರಿ," ಅಂದರು. ಬಲಗೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಸ್ಟೂಲ್ ಮೇಲೆ ಕೂರಿಸಿ ನಾನೇ ಸ್ನಾನ ಮಾಡಿಸಿದೆ. ಬೆನ್ನಿನ ಎಲುಬು ಒಂದೊಂದೂ ಕೈಗೆ ಸಿಕ್ಕಿತು. ಮಂಚದ ಮೇಲೆಯೇ ವಿಭೂತಿ ಧರಿಸಿ ಪೂಜೆ ಮಾಡಿಕೊಂಡರು. ಪಕ್ಕದ ಹಾಸಿಗೆಯವರ ಮೊಬೈಲಿನಲ್ಲಿ ಧಾರಾವಾಹಿ ನಡೆದಿತ್ತು. ಅಕ್ಕನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಆಮೇಲೆ ಐಸ್ ಡಬ್ಬಿ ತೆರೆದೆ. ಅಕ್ಕ ಒಂದು ಚೂರು ತೆಗೆದು ಲಿಂಗಕ್ಕೆ ತೋರಿಸಿ ಬಾಯಿಗೆ ಇಟ್ಟುಕೊಂಡರು.

ಅಲ್ಲಿ ಅವರ ನೇಮ ನಮ್ಮ ಕಡೆಗೆ ತಿರುಗಿತು. ಐಸ್ ಈಗ ಪ್ರಸಾದ. ಪ್ರಸಾದ ಉಗುಳುವಂತಿಲ್ಲ. ಬೇರೆಯವರು ಹಲ್ಲು ಜುಮ್ಮೆನ್ನುತ್ತದೆ, ತಲೆ ಸಿಡಿಯುತ್ತದೆ ಎಂದು ಸ್ವಲ್ಪ ಹೊತ್ತಿಗೇ ಉಗುಳಿಬಿಡುತ್ತಾರಂತೆ. ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒಂದು ಕರಗಿದರೆ ಇನ್ನೊಂದು. ಡಬ್ಬಿ ಖಾಲಿಯಾದ ಮೇಲೆ ತಳದಲ್ಲಿದ್ದ ನೀರನ್ನೂ ಕುಡಿದರು.

"ಇಷ್ಟೊತ್ತು ಯಾರೂ ಹಿಡಿಯೂದಿಲ್ರಿ," ಅಂದರು ಸಿಸ್ಟರ್.

"ಇವರು ಇಷ್ಟೊತ್ತು ಸುಮ್ಮನ ಕುಂತದ್ದೂ ಇದ ಮೊದಲ್ರಿ," ಅಂದೆ. ಬಾಯಿ ತುಂಬ ಐಸ್ ಇಟ್ಟುಕೊಂಡೇ ಅಕ್ಕ ನನ್ನ ತೊಡೆಗೆ ಚಿವುಟಿದರು.

ಆ ಸಲ ನಾಲಿಗೆ ಸ್ವಲ್ಪ ಕೆಂಪಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಬಾಯಿ ನೋಡುವುದು ನನಗೊಂದು ಚಟವೇ ಆಯಿತು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂರಿಸಿ, ಟಾರ್ಚ್ ಹಿಡಿದು, ತುಟಿ ಸರಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ಉಪ್ಪು-ಸೋಡಾದ ನೀರು ತಪ್ಪಿಸಲು ಬಿಡಲಿಲ್ಲ. ಕೆಂಪು ಹಸಿಮೆಣಸಿನಕಾಯಿ ಬರುವ ಕಾಲಕ್ಕೆ ನಮ್ಮ ಮನೆಯಲ್ಲಿ ರಂಜಕ ರುಬ್ಬುತ್ತೇವೆ, ಬೆಳ್ಳುಳ್ಳಿ, ಉಪ್ಪು, ನಿಂಬೆಹುಳಿ ಹಾಕಿ. ಪ್ರತಿ ವರ್ಷ ಅದು ಅಕ್ಕನ ಕೆಲಸ. ಈ ವರ್ಷ ಅವರು ಬಾಗಿಲಾಚೆ ಕುರ್ಚಿಯಲ್ಲಿ ಕೂತು ಹೇಳಿದರು, ನಾನು ರುಬ್ಬಿದೆ. ಒಂದು ಬೆರಳಷ್ಟೂ ರುಚಿ ನೋಡಲು ಕೊಡಲಿಲ್ಲ.

"ಪೊಲೀಸರಂಗ ನಿಂತೀಯಲ್ಲ," ಅಂದರು.

"ಹೌದ್ರಿ," ಅಂದೆ.

ನನಗೆ ಆಸೆ ಹುಟ್ಟಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಖರೇ. ಹುಣ್ಣಿಲ್ಲದ ಬಾಯಿ ನೋಡಿ ನೋಡಿ, ಒಳಗೂ ಎಲ್ಲ ಹೀಗೇ ಆರುತ್ತಿರಬೇಕು ಅನ್ನಿಸಲು ಶುರುವಾಗಿತ್ತು.

ಔಷಧಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೆ ಸ್ಕ್ಯಾನ್‌ಗೆ ಹೋದಾಗ, ಅದನ್ನು ಮಾಡುವವನು ಮೈಮೇಲಿನ ಬೆಳ್ಳಿ ಬಂಗಾರ ತೆಗೆಯಿರಿ ಎಂದ. ಅಕ್ಕ ಕರಡಿಗೆ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು. "ಕೆಳಗ ಇಡಬ್ಯಾಡ," ಅಂದರು. ಅವರು ಹೊರಗೆ ಬರುವವರೆಗೆ ಮುಷ್ಟಿ ಬಿಚ್ಚಲಿಲ್ಲ. ನಾನು ದಿನಾ ಪೂಜೆ ಮಾಡುವವಳಲ್ಲ. ಆವತ್ತು ಬೇಡಿಕೊಂಡೆ.

ಗಡ್ಡೆ ಲಿವರ್ ತುಂಬ ಹರಡಿತ್ತು.

"ಕೀಮೋ ಹತ್ತವಲ್ದು," ಅಂದರು ಡಾಕ್ಟರು. ಇನ್ನೊಂದು ಔಷಧಿ ಇದೆ, ಆದರೆ ಈ ಮೈ ಅದನ್ನು ತಾಳುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿ, ನೋವು ಬಾರದ ಹಾಗೆ ನೋಡಿಕೊಳ್ಳೋಣ. ಭಾವನವರು, "ಮತ್ತೇನೂ ಇಲ್ಲೇನ್ರಿ?" ಎಂದು ಕೇಳಿದರು. ಡಾಕ್ಟರು ಇಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು ಭಾವನವರು ಅದೇ ಮಾತನ್ನು ಮತ್ತೆ ಕೇಳಿದರು.

"ಬಾಯಿ ಛಲೋ ಐತಲ್ರಿ," ಅಂದೆ ನಾನು. ಏಕೆ ಅಂದೆನೋ ಗೊತ್ತಿಲ್ಲ. ಡಾಕ್ಟರು ನನ್ನ ಭುಜದ ಮೇಲೆ ಕೈ ಇಟ್ಟರು.

ಮನೆಗೆ ಬಂದ ಮರುದಿನ ಅಕ್ಕ ರೊಟ್ಟಿ ಕೇಳಿದರು. ರಂಜಕ ಕೇಳಿದರು. ತಡೆಯಲು ಇನ್ನು ಕಾರಣ ಉಳಿದಿರಲಿಲ್ಲ. ತೆಳ್ಳಗೆ ಬಡಿದ ರೊಟ್ಟಿಯ ಮೇಲೆ ರಂಜಕ, ಅದರ ಮೇಲೆ ಕೆನೆಮೊಸರು. ಲಿಂಗಕ್ಕೆ ತೋರಿಸಿ ಬಾಯಿಗೆ ಇಟ್ಟುಕೊಂಡು ನಿಧಾನ ಅಗಿದರು. ನಾನು ಮುಖವನ್ನೇ ನೋಡುತ್ತಿದ್ದೆ. ಉರಿ ಇಲ್ಲ, ಮುಖ ಕಿವುಚಲಿಲ್ಲ.

"ಉಪ್ಪು ಕಡಿಮಿ ಹಾಕೀಯಲ್ಲ."

ರುಚಿ ನೋಡಿದೆ. ಕಡಿಮೆಯೇ ಇತ್ತು. ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ. ಆವತ್ತು ಅವರು ತಿಂದದ್ದು ಎರಡೇ ತುತ್ತು, ಉಳಿದ ರೊಟ್ಟಿಯನ್ನು ಭಾವನವರು ಆ ತಟ್ಟೆಯಲ್ಲೇ ಉಂಡು, ನೀರು ಹಾಕಿ ತೊಳೆದು ಕುಡಿದರು. ಮರುದಿನ ನಾನು ಉಪ್ಪು ಸೇರಿಸಿ ಭರಣಿಯ ರಂಜಕ ಕಲಸಿಟ್ಟೆ. ಅಕ್ಕ ಮತ್ತೆ ಕೇಳಲಿಲ್ಲ.

ಈಗ ಕಣ್ಣು ಹಳದಿಯಾಗಿದೆ, ಹೊಟ್ಟೆ ಉಬ್ಬಿದೆ. ನೋವಿಗೆ ಔಷಧಿ ಇದೆ, ಹೆಚ್ಚು ಹೊತ್ತು ನಿದ್ದೆ. ಅನ್ನ ಒಳಗೆ ಹೋಗುವುದಿಲ್ಲ. ಬಾಯಿ ಒಣಗಿದರೆ ಸನ್ನೆ ಮಾಡುತ್ತಾರೆ. ನಾನು ಐಸ್ ಕುಟ್ಟಿ ತರುತ್ತೇನೆ. ಎಚ್ಚರವಿದ್ದಾಗ ಅವರ ಎಡಗೈಯಲ್ಲಿ ಲಿಂಗವಿಟ್ಟು, ನಡುಗದಂತೆ ಕೆಳಗೆ ನನ್ನ ಅಂಗೈ ಕೊಟ್ಟು ಹಿಡಿಯುತ್ತೇನೆ. ತೋರಿಸದೆ ಕೊಟ್ಟರೆ ತುಟಿ ಬಿಚ್ಚುವುದಿಲ್ಲ. ತೋರಿಸಿದ ಮೇಲೆ ಬಾಯಿ ತೆರೆಯುತ್ತಾರೆ. ಹಳೆಯ ಚಟದಿಂದ ಒಳಗೆ ನೋಡುತ್ತೇನೆ. ಒಂದೂ ಹುಣ್ಣಿಲ್ಲ. ನಾವು ಗೆದ್ದದ್ದು ಅಷ್ಟೇ, ಅದಕ್ಕಾದರೂ ಋಣಿಯಾಗಿದ್ದೇನೆ.

ನಿನ್ನೆ ಚೂರನ್ನು ನಾಲಿಗೆಯ ಮೇಲಿಟ್ಟಾಗ ಅವರು ನನ್ನ ಕೈ ಬಿಡಲಿಲ್ಲ.

"ನೀನೂ ತಗೋ. ಪ್ರಸಾದ ಒಬ್ಬರೇ ತಿನ್ನಬಾರದು."

ನಾನೂ ಒಂದು ತೆಗೆದು ಬಾಯಲ್ಲಿಟ್ಟುಕೊಂಡೆ. ಇಷ್ಟು ತಿಂಗಳು ಅವರ ಕೈಗೆ ಕೊಟ್ಟಿದ್ದೆ, ಒಮ್ಮೆಯೂ ನಾನು ಹಿಡಿದು ನೋಡಿರಲಿಲ್ಲ. ಹಲ್ಲು ಜುಮ್ಮೆಂದಿತು, ಹಣೆ ಸಿಡಿಯಿತು, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ಬಾಯಲ್ಲಿ ಐಸ್ ಇದ್ದರೆ ಮಾತಾಡಲು ಬರುವುದಿಲ್ಲ. ಇಬ್ಬರೂ ಸುಮ್ಮನೆ ಕೂತೆವು, ಅದು ಕರಗುವವರೆಗೆ.