ವಾಚಿನೊಳಗಿನ ಮೊದಲ ಹೆಸರು

ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಒಳಗೆ ಹೋಗುವ ಮೊದಲು ಗೇಟಿನ ಪಕ್ಕದ ಲಾಕರಿನಲ್ಲಿ ಫೋನಿಟ್ಟು ಬೀಗ ಹಾಕಬೇಕು. ಸರ್ಕ್ಯೂಟ್ ಬೋರ್ಡಿನ ಬೆಸುಗೆ ಸರಿಯಾಗಿ ಕೂತಿದೆಯೇ ಎಂದು ಲೆನ್ಸಿನಡಿ ನೋಡುವುದು ನನ್ನ ಕೆಲಸ. ಶಿಫ್ಟು ಮುಗಿಯುವವರೆಗೆ ಹೊರಗೆ ಊರು ಮುಳುಗಿದರೂ ನಮಗೆ ತಿಳಿಯದು. ಮೊದಮೊದಲು ಈ ನಿಯಮ ನನಗೆ ಇಷ್ಟವೇ ಆಗಿತ್ತು, ಅಷ್ಟು ಹೊತ್ತಾದರೂ ಯಾರ ಕಾಟವೂ ಇರುತ್ತಿರಲಿಲ್ಲ. ಮಗಳು ನಾಲ್ಕನೇ ತರಗತಿಗೆ ಬಂದು, ಶಾಲೆಯ ವ್ಯಾನಿನಿಂದ ಇಳಿದು ತಾನೇ ಬೀಗ ತೆಗೆದುಕೊಂಡು ಮನೆಯೊಳಗೆ ಹೋಗತೊಡಗಿದ ಮೇಲೆ ಮಾತ್ರ ಆ ಲಾಕರನ್ನು ಕಂಡರೆ ಮೈ ಉರಿಯುತ್ತಿತ್ತು.

ಒಂದು ದಿನ ನೀರಿಲ್ಲವೆಂದು ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ನನಗೆ ಫೋನು ಮಾಡಿದ್ದರು, ಮೆಸೇಜೂ ಹಾಕಿದ್ದರು. ಎರಡೂ ಲಾಕರಿನೊಳಗೆ ಬಿದ್ದಿದ್ದವು. ಮಗಳು ಆವತ್ತೇ ಬೀಗದ ಕೈಯನ್ನು ಮನೆಯೊಳಗೆ ಮರೆತಿದ್ದಳು. ಸಂಜೆ ನಾನು ಬಂದಾಗ ಮಹಡಿ ಮೆಟ್ಟಿಲ ತಿರುವಿನಲ್ಲಿ, ಕೆಳಗಿನವರಿಗೆ ಕಾಣದ ಜಾಗದಲ್ಲಿ, ಸ್ಕೂಲ್ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದಳು.

"ಕೆಳಗೆ ಓನರ್ ಮನೆ ಇತ್ತಲ್ಲೇ, ಬಾಗಿಲು ತಟ್ಟೋಕಾಗ್ಲಿಲ್ವಾ?" ಎಂದೆ.

"ಯಾರ ಮನೆಗೂ ಹೋಗ್ಬೇಡ ಅಂತ ನೀನೇ ಹೇಳಿದ್ದಲ್ವಾ," ಎಂದಳು.

ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ಈ ಸುದ್ದಿ ಮೊಮ್ಮಗಳ ಬಾಯಿಂದಲೇ ಮುಟ್ಟಿತು. "ಪರೀಕ್ಷೆ ಮುಗೀತಿದ್ದಂಗೆ ಮಗೀನ ಇಲ್ಲಿಗೆ ಕಳ್ಸು. ಇಲ್ಲೂ ಇಸ್ಕೂಲ್ ಐತೆ. ನೋಡ್ಕಳಾಕೆ ನಾನಿದೀನಿ," ಎಂದು ಅಪ್ಪಣೆ ಕೊಟ್ಟಳು. ನನ್ನ ಗಂಡ ಪುಣೆಯ ಕಡೆಗೆ ಲಾರಿ ಓಡಿಸುವವರು, ವಾರದಲ್ಲಿ ಮನೆಯಲ್ಲಿರುವುದೇ ಅಪರೂಪ. ನಾನು ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಹೆತ್ತ ಮಗಳನ್ನು ತಿಂಗಳಿಗೊಮ್ಮೆ ನೋಡಿಕೊಂಡು ಬರುವ ಬಾಳು ನನಗೆ ಬೇಕಿರಲಿಲ್ಲ.

ಸಿಮ್ ಇರುವ ವಾಚಿನ ಯೋಚನೆ ಬಂದದ್ದು ಗಂಡನಿಗೆ. ಮಗುವಿನ ಕೈಗೆ ಫೋನ್ ಕೊಡಬಾರದೆಂಬ ಒಂದು ವಿಷಯದಲ್ಲಿ ನಾವಿಬ್ಬರೂ ಎಂದೂ ಜಗಳವಾಡಿದವರಲ್ಲ. ಶಾಲೆಯಲ್ಲೂ ಫೋನಿಗೆ ನಿಷೇಧ. ವಾಚಾದರೆ, ಪಾಠದ ಹೊತ್ತಿನಲ್ಲಿ ಬರೀ ಗಂಟೆ ತೋರಿಸುವಂತೆ ಕಟ್ಟಿಹಾಕಬಹುದಂತೆ. ನಾವು ಒಪ್ಪಿದ ಹೆಸರುಗಳಿಗೆ ಮಾತ್ರ ಕರೆ ಹೋಗುತ್ತದಂತೆ. ಪರೀಕ್ಷೆಯವರೆಗೆ ನೋಡೋಣ, ಸರಿಹೋಗದಿದ್ದರೆ ತಿಪಟೂರಿಗೆ ಕಳಿಸೋಣ ಎಂದು ಮಾತಾಯಿತು. ಗಂಡ ವಾಚು ತಂದುಕೊಟ್ಟು ಲಾರಿಗೆ ಲೋಡು ಹಾಕಿಕೊಂಡು ಹೊರಟುಹೋದರು.

ಭಾನುವಾರ ನಾನೂ ಮಗಳೂ ವಾಚಿನ ಡಬ್ಬಿ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತೆವು. ಈ ವಾಚಿಗೆ ಅದೇ ಕಂಪನಿಯ ಫೋನೇ ಜೊತೆಯಾಗಬೇಕು, ನಮ್ಮಂಥವರ ಫೋನನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬುದು ಆಗ ತಿಳಿಯಿತು. ನಾನು ಗಂಡನನ್ನೂ ಕಂಪನಿಯನ್ನೂ ಒಟ್ಟಿಗೇ ಬೈಯುತ್ತಿದ್ದಾಗ ಓನರ್ ಅಮ್ಮ ಟ್ಯಾಂಕಿನ ನೀರು ನೋಡಲು ಮೇಲೆ ಹತ್ತಿಬಂದರು.

ಅವರು ಚಿಕ್ಕಬಾಣಾವರದ ಹಳೆಯ ಮನೆತನದವರು. ಹೊಲವೆಲ್ಲ ಲೇಔಟ್ ಆದ ಮೇಲೆ ಕಟ್ಟಿಸಿದ ಮೂರು ಅಂತಸ್ತಿನ ಮನೆಯಲ್ಲಿ ನಾವೆಲ್ಲ ಬಾಡಿಗೆದಾರರು. ಹಿಂದಿನ ತುಂಡು ಜಾಗದಲ್ಲಿ ಅವರ ಒಂದು ಹಸುವೂ ಒಂದು ನುಗ್ಗೆಮರವೂ ಉಳಿದಿದ್ದವು. ಗೋಡೆಗೆ ಮೊಳೆ ಹೊಡೆಯಬಾರದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಒದ್ದೆ ಬಟ್ಟೆಯ ನೀರು ಕೆಳಗೆ ತೊಟ್ಟಿಕ್ಕಬಾರದು ಎಂಬುದು ಅವರ ಕಾನೂನು. ನಾನೂ ಸುಮ್ಮನಿರುವವಳಲ್ಲ. ಆ ಬಟ್ಟೆಯ ವಿಷಯಕ್ಕೆ ಜಗಳವಾದ ಮೇಲೆ ನಮ್ಮಿಬ್ಬರ ಮಾತು ನೀರು, ಮೋಟಾರು ದಾಟಿ ಮುಂದೆ ಹೋಗುತ್ತಿರಲಿಲ್ಲ.

"ಏನಮ್ಮ ಅದು, ಅಮ್ಮ ಮಗ್ಳು ಇಂಗೆ ತಲೆ ಮೇಲೆ ಕೈ ಒತ್ಕಂಡ್ ಕುಂತಿದೀರಾ?" ಎಂದರು. ಮಗಳೇ ಎಲ್ಲವನ್ನೂ ಒದರಿದಳು. ಅವರು ವಾಚನ್ನು ತಿರುವಿ ನೋಡಿ, ಸೊಂಟಕ್ಕೆ ಸಿಕ್ಕಿಸಿದ್ದ ತಮ್ಮ ಫೋನ್ ತೆಗೆದರು. ಪಕ್ಕದ ಬೀದಿಯಲ್ಲಿರುವ ಮಗ ಹೊಸದನ್ನು ಕೊಂಡಾಗ ಅಮ್ಮನಿಗೆ ದಾಟಿಸಿದ ಫೋನು. ಅದೇ ಕಂಪನಿಯದು.

"ತಗೊ, ಇದ್ರಲ್ಲಿ ಹಾಕು. ನಾನೇನ್ ಮಾಡ್ತೀನಿ ಇದ್ರಲ್ಲಿ, ಧಾರಾವಾಹಿ ನೋಡ್ತೀನಿ," ಎಂದರು.

ಫೋನಿನ ಕ್ಯಾಮರಾವನ್ನು ವಾಚಿನ ಮುಖಕ್ಕೆ ಹಿಡಿಯಬೇಕಿತ್ತು. ಅಷ್ಟರಲ್ಲಿ ಅವರು ತಡೆದು, ಮಗಳ ಕೆದರಿದ ಕೂದಲನ್ನು ಅಂಗೈಯಿಂದ ಸವರಿ, "ಈಗ ತೆಗಿ ಫೋಟೋ," ಎಂದರು. ಫೋಟೋ ಅಲ್ಲವೆಂದು ವಿವರಿಸುವ ತಾಳ್ಮೆ ನನಗಿರಲಿಲ್ಲ. ವಾಚು ಜೋಡಿಯಾಯಿತು. ಮುಂದಿನ ಪರದೆಯಲ್ಲಿ, ಈ ಮಗುವನ್ನು ನಿಮ್ಮ ಕುಟುಂಬಕ್ಕೆ ಸೇರಿಸಬೇಕೆ ಎಂದು ಫೋನು ಕೇಳಿತು. ನಾನು ಬೆರಳು ಹಿಂದೆ ತೆಗೆದೆ. ಹನ್ನೊಂದು ತಿಂಗಳ ಅಗ್ರಿಮೆಂಟಿನವರು ನಾವು, ಇವರ ಕುಟುಂಬಕ್ಕೆ ಸೇರುವುದೆಂದರೇನು? ಫೋನು ಕೇಳಿದ್ದನ್ನು ಅವರಿಗೆ ಓದಿ ಹೇಳಿದೆ.

"ಒತ್ತಮ್ಮ. ಅದ್ಕೇನು ಪತ್ರ ಬರ್ಸಬೇಕಾ?" ಎಂದರು.

ಆಮೇಲೆ ಓಟಿಪಿ ಬಂತು. ಬಂದದ್ದು ಅವರ ಫೋನಿಗೆ, ಅವರು ಫೋನನ್ನು ಗಬಕ್ಕನೆ ಕಸಿದುಕೊಂಡರು.

"ನಂಬರ್ ಹೇಳಿ ಅಮ್ಮ," ಎಂದೆ.

"ಏಳಲ್ಲ. ಪ್ರಾಣ ಓದ್ರೂ ಓಟಿಪಿ ಯಾರ್ಗೂ ಏಳ್ಬೇಡ ಅಂತ ನನ್ಮಗ ಏಳವ್ನೆ."

"ಅಯ್ಯೋ, ನಾನು ನಿಮ್ಮ ಎದುರಿಗೇ ಇದ್ದೀನಲ್ಲ."

"ನೀನಾದ್ರೂ ಅಷ್ಟೇ, ನಿಮ್ಮಪ್ಪ ಬಂದ್ರೂ ಅಷ್ಟೇ."

ನಮಗೆ ಬೆನ್ನು ತಿರುಗಿಸಿ, ಸೆರಗಿನ ಮರೆಯಲ್ಲಿ ಫೋನು ಹಿಡಿದು, ಒಂದೇ ಬೆರಳಿನಲ್ಲಿ ತಾವೇ ಒತ್ತತೊಡಗಿದರು. ಅಷ್ಟು ಹೊತ್ತಿಗೆ ಸಮಯ ಮೀರಿತು. ಇನ್ನೊಂದು ಬಂತು, ಅದೂ ಮೀರಿತು. ಮಗಳು ನಗು ತಡೆಯಲಾರದೆ ಸ್ಕರ್ಟನ್ನು ಬಾಯಿಗೆ ತುರುಕಿಕೊಂಡಿದ್ದಳು. ಕೊನೆಗೆ ಗೆದ್ದವರು ಅವರೇ. ಮರುದಿನ ವಾಚಿಗೆ ಅದರದೇ ನಂಬರು ಬಂದು, ಟವರಿನ ಹಸಿರು ಗುರುತು ಮೂಡಿತು.

ಹೆಸರುಗಳ ಸಾಲಿನಲ್ಲಿ ಮೊದಲನೆಯವಳಾಗಿ ನನ್ನನ್ನೇ ಇಟ್ಟಿದ್ದೆ. ಅದರಲ್ಲಿ ಯೋಚಿಸುವುದೇನಿದೆ? ವಾಚಿನ ಪಕ್ಕದ ಗುಂಡಿಯನ್ನು ಒತ್ತಿಹಿಡಿದರೆ ಮೊದಲ ಹೆಸರಿಗೆ ಕರೆ ಹೋಗುತ್ತದೆ. ಅವರು ಎತ್ತದೆ ರಿಂಗ್ ಆಗಿ ಆಗಿ ನಿಂತ ಮೇಲಷ್ಟೇ ಎರಡನೆಯ ಹೆಸರಿಗೆ. ಎರಡನೆಯದು ಓನರ್ ಅಮ್ಮನದು, ಮಗಳ ಬಾಯಲ್ಲಿ ಅವರು 'ಕೆಳಗಿನ ಅಜ್ಜಿ'. ಮೂರನೆಯದು ಅವಳ ಅಪ್ಪನದು. ಮೊದಲ ದಿನ ಮಗಳು ಶಾಲೆ ಬಿಟ್ಟ ಕೂಡಲೇ ಒತ್ತಿ ನೋಡಿದ್ದಾಳೆ. ಲಾಕರಿನೊಳಗೆ ನನ್ನ ಫೋನು ಕತ್ತಲೆಗೆ ಹಾಡು ಹೇಳಿದೆ. ಅಷ್ಟೆಲ್ಲ ಒದ್ದಾಡಿ ಕಟ್ಟಿದ ವಾಚು ನೇರವಾಗಿ ಹೋಗಿ ಬಡಿದದ್ದು ಅದೇ ಬೀಗ ಹಾಕಿದ ಬಾಗಿಲಿಗೆ.

ಸಂಜೆ ಗೇಟಿನ ಹೊರಗೆ ನಿಂತು ಆ ಮಿಸ್ಡ್ ಕಾಲ್ ನೋಡಿದೆ. ಏನು ಮಾಡಬೇಕೆಂದು ಬಸ್ಸಿನಲ್ಲೇ ಗೊತ್ತಾಗಿತ್ತು, ಮಾಡಲು ಮನಸ್ಸು ಬರಲಿಲ್ಲ. ನನ್ನ ಮಗಳು ಹೆದರಿದಾಗ ಮೊದಲು ಕರೆಯುವ ಹೆಸರು ನನ್ನದಲ್ಲದೆ ಇನ್ನೊಬ್ಬರದಾಗಬೇಕು. ಸುಳ್ಳು ಹೇಳುವುದಿಲ್ಲ, ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಆದರೂ ಕೆಳಗಿನ ಬಾಗಿಲು ತಟ್ಟಿ, ಅವರ ಫೋನಿನಲ್ಲೇ ಅವರ ಹೆಸರನ್ನು ಮೇಲಕ್ಕೂ ನನ್ನದನ್ನು ಕೆಳಕ್ಕೂ ಮಾಡಿದೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು.

"ನೀನ್ ದುಡಿಯಾಕೆ ಓಗಿರ್ತೀಯ. ನಾನ್ ಮನೇಲಿರ್ತೀನಿ. ಅಷ್ಟೇ ಕಣಮ್ಮ ಇದು," ಎಂದರು. ಒಳಗೆ ಹೋಗಿ ಒಂದು ಲೋಟ ಹಾಲು ತಂದು ಕೈಗಿಟ್ಟರು.

ಅಂದಿನಿಂದ ಅವರು ಮಧ್ಯಾಹ್ನದ ಧಾರಾವಾಹಿ ಬಿಟ್ಟರು. ಫೋನಿನ ನಕ್ಷೆಯಲ್ಲಿ ಮಗಳು ಒಂದು ಚುಕ್ಕಿಯಾಗಿ ಶಾಲೆಯಿಂದ ಮನೆಗೆ ಬರುವುದನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಚುಕ್ಕಿ ನಮ್ಮ ಬೀದಿಗೆ ತಿರುಗುವಾಗ ಗೇಟಿನಲ್ಲಿ ನಿಂತಿರುತ್ತಿದ್ದರು. ಸಂಜೆ ನಾನು ಬಂದರೆ, "ನಿನ್ ಮಗ್ಳು ಇವತ್ತು ವ್ಯಾನ್ ಇಳ್ದು ದಾರೀಲಿ ಬಾಳ ಒತ್ತು ನಿಂತಿದ್ಲು. ಐಸ್‌ಕ್ರೀಮ್ ಅಂಗ್ಡಿ ಮುಂದೆ," ಎಂದು ವರದಿ ಒಪ್ಪಿಸುತ್ತಿದ್ದರು.

ಪರೀಕ್ಷೆಯ ಕೊನೆಯ ದಿನ ಅಮ್ಮ ತಿಪಟೂರಿನಿಂದ ರೈಲು ಹತ್ತಿ ಬಂದಳು. ಮೊಮ್ಮಗಳ ಬಟ್ಟೆ ತುಂಬಿಕೊಂಡು ಹೋಗಲು ಒಂದು ದೊಡ್ಡ ಖಾಲಿ ಬ್ಯಾಗು ತಂದಿದ್ದಳು. ವಾಚಿನ ವಿಷಯ ಹೇಳಿದಾಗಲೆಲ್ಲ, "ಗಡಿಯಾರ ಮಗೀನ ನೋಡ್ಕಂತದಾ?" ಎಂದು ಬಾಯಿ ಮುಚ್ಚಿಸಿದ್ದಳು. ನಾನು ಕೆಲಸದಲ್ಲಿದ್ದೆ. ಓನರ್ ಅಮ್ಮನೇ ಅವಳನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರಂತೆ.

ಕಾಫಿ ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು. ಶಾಲೆಯ ವ್ಯಾನು ನಾಗಸಂದ್ರದ ಹತ್ತಿರ ಸರ್ವೀಸ್ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಮಾರ್ಚಿನ ಬಿಸಿಲು, ಪಕ್ಕದಲ್ಲೇ ಲಾರಿಗಳ ಸಾಲು. ಮೆಕ್ಯಾನಿಕ್ಕನ್ನು ಕರೆತರುತ್ತೇನೆಂದು ಡ್ರೈವರು ಹೋದವನು ಬಂದಿರಲಿಲ್ಲ, ಬೇರೆ ಮಕ್ಕಳು ಅಳತೊಡಗಿದ್ದರು. ನನ್ನ ಮಗಳು ಗುಂಡಿ ಒತ್ತಿದ್ದಳು.

"ಇಳೀಬ್ಯಾಡ. ಎಲ್ಲಾ ಮಕ್ಳೂ ವಳ್ಗೇ ಕುಂತ್ಕಳ್ಳಿ, ಕಿಟಕಿ ತೆಗೀರಿ. ನಾನ್ ಬಂದೆ," ಎಂದರಂತೆ ಕೆಳಗಿನ ಅಜ್ಜಿ. ಇಬ್ಬರು ಹೆಂಗಸರೂ ಆಟೊ ಹತ್ತಿದರು. ಒಬ್ಬರ ಕೈಯಲ್ಲಿ ಚುಕ್ಕಿ, ಇನ್ನೊಬ್ಬರ ಕೈಯಲ್ಲಿ ಕೊಡಪಾನದ ನೀರು. ಅದು ಯಾರ ಯೋಚನೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಇಬ್ಬರೂ ತಮ್ಮದೇ ಅನ್ನುತ್ತಾರೆ. ಡ್ರೈವರು ಬರುವವರೆಗೆ ವ್ಯಾನಿನ ಮಕ್ಕಳಿಗೆಲ್ಲ ನೀರು ಕುಡಿಸಿ, ಅವನು ಬಂದ ಮೇಲೆ ಇಬ್ಬರೂ ಸೇರಿ ಬೈದು, ಮಗಳನ್ನು ಕರೆದುಕೊಂಡು ಮನೆಗೆ ಬಂದರು.

ನಾನು ಲಾಕರು ತೆರೆದಾಗ ಫೋನಿನಲ್ಲಿ ಏನೂ ಇರಲಿಲ್ಲ. ಒಂದು ಮಿಸ್ಡ್ ಕಾಲೂ ಇಲ್ಲ. ಅಷ್ಟೆಲ್ಲ ನಡೆದಿದ್ದರೂ ನನ್ನವರೆಗೆ ಏನೂ ಬಾರದಂತೆ ನೋಡಿಕೊಂಡವರಿಗೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ ಎಂದು ಮನೆಗೆ ಬಂದು ಮೂವರ ಬಾಯಿಂದ ಮೂರು ಥರ ಕಥೆ ಕೇಳಿದ ಮೇಲೆ ಅನ್ನಿಸಿತು.

ಮಗಳು ಆಡಲು ಹೋದ ಮೇಲೆ ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಳು. ಖಾಲಿ ಬ್ಯಾಗು ಪಕ್ಕದಲ್ಲೇ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ನಾನು ಕೊಬ್ರಿ ಮಂಡಿಗೆ ಕೆಲ್ಸಕ್ಕೋಗ್ತಿದ್ದಾಗ ನಿನ್ನ ನೋಡ್ಕಂಡಿದ್ದು ಯಾರು?" ಎಂದಳು.

"ಆಚೆಮನೆ ಅವ್ವ."

"ನೀನು ಜ್ವರ ಬಂದಾಗ ಅವಳ ಹೆಸ್ರೇ ಕನವರಿಸ್ತಿದ್ದೆ. ನಂಗೂ ಹೊಟ್ಟೆ ಉರೀತಿತ್ತು ಕಣೆ." ಚಾಚಿದ ಕಾಲನ್ನು ಮಡಿಚಿಕೊಂಡಳು. "ಆ ವಾಚಲ್ಲಿ ನನ್ ನಂಬರೂ ಹಾಕ್ಸು. ಮೂರನೇದಾಗಿ. ಅಳಿಯಂದ್ರು ಹೆಂಗೂ ಲಾರಿ ಓಡಿಸ್ತಾ ಫೋನ್ ಎತ್ತಬಾರ್ದು, ಅವ್ರು ನಾಕನೇದಾಗ್ಲಿ."

ಅದೇ ಅವಳ ಒಪ್ಪಿಗೆ. ನಾನು ದಡದಡ ಮೆಟ್ಟಿಲಿಳಿದೆ. ಓನರ್ ಅಮ್ಮ ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದರು. ಎರಡು ಕಾಲಿನ ನಡುವೆ ಪಾತ್ರೆ, ಕೈತುಂಬ ಹಿಟ್ಟು. ವಿಷಯ ಹೇಳಿದೆ. ಗಲ್ಲವೆತ್ತಿ ಗೂಡಿನಲ್ಲಿದ್ದ ಫೋನು ತೋರಿಸಿದರು. ಅಮ್ಮನ ನಂಬರು ಹಾಕಿದೆ. ಸ್ವಲ್ಪ ಹೊತ್ತಿಗೆ ಫೋನು ಕಿಣಿ ಎಂದಿತು, ಹೊಸ ನಂಬರಿಗೂ ಓಟಿಪಿ. ರೂಢಿಯಂತೆ ಅವರ ಮುಂದೆ ಹಿಡಿದು ನಾನು ಮುಖ ಆಚೆ ತಿರುಗಿಸಿದೆ.

"ಕೈಯೆಲ್ಲಾ ಇಟ್ಟಾಗೈತೆ, ಕಾಣಲ್ವಾ? ನೀನೇ ಓದ್ಕಂಡು ಒತ್ತು," ಎಂದರು.

ಓದಿಕೊಂಡೆ. ಅಂಕಿಗಳು ಕಣ್ಣೆದುರಿಗೇ ಇದ್ದವು, ಕಣ್ಣಿಗೆ ನೀರು ಬಂದು ಒಂದೂ ನೆಟ್ಟಗೆ ಕಾಣಲಿಲ್ಲ. ಒತ್ತಿದ್ದು ತಪ್ಪಾಯಿತು. ಸರಿಮಾಡುವಷ್ಟರಲ್ಲಿ ಸಮಯ ಮೀರಿತು.

ಅವರು ಮುದ್ದೆ ತಿರುವುತ್ತಲೇ, "ನಿಂಗೂ ಒಂದ್ಸಲಕ್ಕೆ ಆಗಲ್ಲ ಅಲ್ವಾ?" ಎಂದರು.